ಎದೆಗೆ ಕಟ್ಟಿಕೊಂಡ ಕೂಸು

ಗೋಕಾಕ
ಜನವರಿ ೧೨, ಸೋಮವಾರ, ಮುಂಜಾನೆ

ಪ್ರೀತಿಯ ಅವ್ವಾ,

ನಿನ್ನ ಮಗ ಶ್ರೀಶೈಲ ದೂರದಿಂದಲೇ ನಿನ್ನ ಕಾಲು ಮುಟ್ಟಿ ಶರಣು ಹೇಳುತ್ತಿದ್ದಾನೆ. ಮೊಣಕಾಲ ನೋವು ಹೇಗಿದೆ? ನಿಡಸೋಸಿಯ ಚಳಿ ನಮ್ಮ ಮಸಗುಪ್ಪಿಯ ಚಳಿಗಿಂತ ಒಂದು ಕೈ ಹೆಚ್ಚು, ದೊಡ್ಡವ್ವನ ಪಡಸಾಲೆಯಲ್ಲಿ ನೆಲಕ್ಕೆ ಮಲಗಬೇಡ. ಆಕೆ ಮಂಚ ಕೊಡುತ್ತೇನೆ ಅಂದರೆ ಬಿಗುಮಾನ ಬಿಟ್ಟು ತಗೋ. ರೊಟ್ಟಿ ಸರಿಯಾಗಿ ಹೋಗುತ್ತಿದೆಯೇ? ನೆಗಡಿ, ಕೆಮ್ಮು ಏನೂ ಇಲ್ಲವಲ್ಲ? ಇದನ್ನು ಬಾಯಿ ಉಪಚಾರಕ್ಕೆ ಕೇಳುತ್ತಿಲ್ಲ. ಎಮ್ಮೆಯ ಚಿಂತೆ ಮಾಡಬೇಡ, ಬಾಜೂ ಮನೆಯ ಅಪ್ಪಣ್ಣ ಕಾಕಾ ಹಿಂಡಿಕೊಳ್ಳುತ್ತಿದ್ದಾರೆ. ಹಾಲು ಎಷ್ಟಾಗುತ್ತದೆ ಅಂತ ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಅಂತ ನಗಬೇಡ. ಆ ದಿನ ಆಸ್ಪತ್ರೆಯ ಬಾಗಿಲಲ್ಲಿ "ತೊಗೊ, ಇದರಾಗ ನನ್ನ ಕರೀಬ್ಯಾಡ" ಅಂತ ನಿನ್ನ ಫೋನನ್ನು ನನ್ನ ಕೈಗೆ ತುರುಕಿ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟೆ. ದೊಡ್ಡವ್ವನ ಫೋನಿಗೆ ಹಚ್ಚಿದರೆ ನೀನು ಹತ್ತಿರ ಬರುವುದಿಲ್ಲ. ಕಾಗದವಾದರೆ ನೀನು ಬಿಡುವವಳಲ್ಲ, ಭಜಿ ಕಟ್ಟಿದ ಪೇಪರನ್ನೂ ಎರಡೂ ಕಡೆ ತಿರುವಿ ಓದುವವಳು ನೀನು. ಇದನ್ನು ಮಾತ್ರ ನೀನೊಬ್ಬಳೇ ಓದು, ಕನ್ನಡಕ ಹಾಕಿಕೊಂಡು ನಿಧಾನ ಓದು. ದೊಡ್ಡವ್ವನ ಸೊಸೆಯ ಕೈಗೆ ಕೊಟ್ಟರೆ ಅವಳು ಓದುವ ದನಿಗೆ ಓಣಿಯೆಲ್ಲ ಕೂಡುತ್ತದೆ. ಅಕ್ಷರ ಸೊಟ್ಟಗಿವೆ, ಯಾಕೆಂದರೆ ನಾನು ಒರಗುಕುರ್ಚಿಯ ಮೇಲೆ ಅರ್ಧ ಮಲಗಿ ಬರೆಯುತ್ತಿದ್ದೇನೆ. ನನ್ನ ಎದೆಯ ಮೇಲೆ ನಿನ್ನ ಮೊಮ್ಮಗಳು ಇದ್ದಾಳೆ. ನಿನ್ನ ಹಳೆಯ ಸೀರೆಯನ್ನೇ ಹರಿದು ಅವಳನ್ನು ನನಗೆ ಕಟ್ಟಿದ್ದಾರೆ.

ಮೊದಲು ನಿನ್ನ ಸೊಸೆ ನೇತ್ರಾಳ ಸುದ್ದಿ ಹೇಳುತ್ತೇನೆ. ಬೆಳಗಾವಿಯಲ್ಲಿ ಅವಳನ್ನು ಇನ್ನೂ ಡಯಾಲಿಸಿಸ್ ಮಷಿನ್ನಿನಿಂದ ಬಿಡಿಸಿಲ್ಲ. ಫಿಟ್ಸ್ ನಿಂತಿವೆ, ಬಿಪಿ ಇಳಿದಿದೆ, ಆದರೆ ಕಿಡ್ನಿ ಇನ್ನೂ ಸರಿ ಕೆಲಸ ಮಾಡುತ್ತಿಲ್ಲವಂತೆ. ಅವಳ ತಾಯಿ ಅಲ್ಲಿ ಐಸಿಯು ಬಾಗಿಲು ಬಿಟ್ಟು ಅಲ್ಲಾಡುತ್ತಿಲ್ಲ, ಹಾಗಾಗಿ ಬೀಗರ ಮನೆಯಿಂದ ಇಲ್ಲಿಗೆ ಬರುವವರು ಯಾರೂ ಇಲ್ಲ. ನೇತ್ರಾ ಕೂಸನ್ನು ನೋಡಿದ್ದು ಒಂದೇ ಸಲ, ಅದೂ ಅರೆ ಎಚ್ಚರದಲ್ಲಿ. ನಿನ್ನೆ ಅವಳ ತಾಯಿ ಅವಳ ಕಿವಿಯಲ್ಲಿ "ಕೂಸು ಚಲೋ ಐತಿ" ಅಂದರಂತೆ. ಅವಳು ಕಣ್ಣು ತೆರೆದು "ಯಾರ ಹಂತ್ಯಾಕ ಐತಿ?" ಅಂತ ಕೇಳಿದಳಂತೆ. ಅವರು ನಿನ್ನ ಹೆಸರು ಹೇಳಿದರಂತೆ. ಚನ್ನವ್ವನ ಹತ್ತಿರ ಇದೆ ಅಂದ ಮೇಲೆ ಕಣ್ಣು ಮುಚ್ಚಿದಳಂತೆ. ಅವ್ವಾ, ಇದನ್ನು ಕೇಳಿ ನನಗೆ ಅಳು ಬಂತು, ಮರೆಮಾಚಿ ಏನು ಮಾಡಲಿ.

ಇನ್ನು ಕೂಸು. ಒಂದೂಕಾಲು ಕಿಲೋ ಇತ್ತು, ಈಗ ಅದಕ್ಕೂ ತುಸು ಕಡಿಮೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ಅನ್ನಬಹುದು, ಆದರೆ ಖರೆ ಹೇಳುತ್ತೇನೆ, ಚೆಂದ ಇದ್ದಾಳೆ. ಮೂಗು ನಿನ್ನದೇ, ಸಿಟ್ಟು ಬಂದರೆ ಹುಬ್ಬು ಗಂಟಿಕ್ಕುವುದೂ ನಿನ್ನ ಹಾಗೆಯೇ. ಹಾಲನ್ನು ಮೂಗಿನ ನಳಿಕೆಯಲ್ಲಿ ಹಾಕುತ್ತಾರೆ. ಎದೆಯ ಮೇಲಿದ್ದಷ್ಟು ಹೊತ್ತು ಉಸಿರು ಸರಿ ಇರುತ್ತದೆ, ಪಾದ ಬೆಚ್ಚಗಿರುತ್ತದೆ. ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಪಾದ ತಣ್ಣಗಾಗುತ್ತದೆ, ನಡುನಡುವೆ ಉಸಿರು ಮರೆಯುತ್ತಾಳೆ. ಆಗ ಸಿಸ್ಟರ್ ಅಂಗಾಲು ತಿಕ್ಕಿ ನೆನಪು ಮಾಡಿಕೊಡಬೇಕು. ಬಿಸಿ ಕೊಡುವ ಯಂತ್ರಗಳು ಇವೆ, ಆದರೆ ಈ ಚಳಿಗೆ ಅವುಗಳಲ್ಲಿ ಇವಳಿಗಿಂತ ಹೆಚ್ಚು ಜಡ್ಡಾದ ಕೂಸುಗಳು ತುಂಬಿವೆ, ಒಂದೊಂದರಲ್ಲಿ ಇಬ್ಬಿಬ್ಬರು. ಬೆಳಗಾವಿಗೆ ಒಯ್ಯೋಣ ಅಂದರೆ ಅಲ್ಲೂ ಜಾಗ ಇಲ್ಲ, ದಾರಿಯ ಚಳಿ ಬೇರೆ. ಡಾಕ್ಟರ್ ಒಂದೇ ಮಾತು ಹೇಳುತ್ತಾರೆ. ಈಕೆಗೆ ಈಗ ಬೇಕಾದದ್ದು ಒಂದು ಎದೆ, ಅದು ಯಾರದ್ದೇ ಇರಲಿ, ಹಗಲೂ ಇರುಳೂ ಇರಬೇಕು.

ನನ್ನ ನೌಕರಿ ಏನು ಅಂತ ನೀನು ಎಷ್ಟೋ ಸಲ ಕೇಳಿದ್ದೀ, ನೆನಪಿದೆಯೇ? ನಾನು ಹೇಳಿದ್ದೆ, ನಮ್ಮ ಸಂಶೋಧನೆಯವರು ಹೊಸ ಔಷಧ ಕಂಡುಹಿಡಿಯುವವರಲ್ಲ. ತೂಕ ಕಡಿಮೆ ಇರುವ ಕೂಸನ್ನು ಬರಿಮೈಯಲ್ಲಿ ಎದೆಗೆ ಕಟ್ಟಿಕೊಂಡರೆ ಬದುಕುತ್ತದೆ ಅಂತ ಲೋಕಕ್ಕೆಲ್ಲ ಗೊತ್ತಾಗಿ ಬಹಳ ವರ್ಷ ಆಯಿತು. ಗೊತ್ತಿದ್ದೂ ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಮನೆಮನೆಗೆ ಅದು ಯಾಕೆ ಇಳಿಯುವುದಿಲ್ಲ, ಇಳಿಸುವುದು ಹೇಗೆ ಅಂತ ಹುಡುಕುವುದು ನಮ್ಮ ಕೆಲಸ ಅಂದಿದ್ದೆ. ನೀನು ಒಲೆಯ ಮುಂದಿನಿಂದಲೇ "ಅಡಗಿ ಆಗೇತಿ, ಎಲ್ಲಾರಿಗೂ ಗೊತ್ತೈತಿ. ಉಣ್ಣಾಕ ಯಾಕ ಬರವಲ್ರು ಅಂತ ಕೇಳಾಕ ನಿನಗ ಪಗಾರ ಕೊಡ್ತಾರನ?" ಅಂದಿದ್ದೆ. ಆಫೀಸಿನಲ್ಲಿ ಈ ಮಾತು ಹೇಳಿ ಎಲ್ಲರನ್ನೂ ನಗಿಸಿದ್ದೆ. ನಮ್ಮ ದೊಡ್ಡ ಸರ್ ಮಾತ್ರ ನಗಲಿಲ್ಲ, ನಿಮ್ಮ ತಾಯಿಯವರು ನಮ್ಮ ಇಡೀ ವಿಷಯವನ್ನು ಎರಡು ಮಾತಿನಲ್ಲಿ ಹೇಳಿದರು ಅಂದರು. ಈಗ ಅಡಿಗೆ ಮುಂದೆಯೇ ಇದೆ ಅವ್ವಾ, ಉಣ್ಣುವವರು ನಾವೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿದ್ದಿದೆ.

ಹೇಗೆ ಬಿದ್ದಿದೆ ಕೇಳು. ತಾಯಿಗೆ ಆಗದಿದ್ದರೆ ಅಪ್ಪನೂ ಕಟ್ಟಿಕೊಳ್ಳಬಹುದು ಅಂತ ನಮ್ಮ ಯೋಜನೆಯಲ್ಲಿ ಇದೆ. ಅದರ ಬಣ್ಣದ ಚಿತ್ರವನ್ನು ಮುದ್ರಿಸಿ, ಹೋದ ಬೇಸಿಗೆಯಲ್ಲಿ ಇದೇ ಆಸ್ಪತ್ರೆಯ ಇದೇ ಕೋಣೆಯ ಗೋಡೆಗೆ ಅಂಟಿಸಿದವನು ನಾನು. ಮೀಸೆಯ ಗಂಡಸೊಬ್ಬ ಕೂಸನ್ನು ಎದೆಗೆ ಹಾಕಿಕೊಂಡು ನಗುತ್ತಿರುವ ಚಿತ್ರ. ಅದರ ಪಕ್ಕದಲ್ಲಿಯೇ, ಒಂದು ಗೇಣು ದೂರದಲ್ಲಿ, 'ಗಂಡಸರಿಗೆ ಪ್ರವೇಶವಿಲ್ಲ' ಅಂತ ಆಸ್ಪತ್ರೆಯ ಫಲಕ ಇದೆ. ಅವೆರಡನ್ನೂ ನಾನು ಎಷ್ಟು ಸಲ ನೋಡಿದ್ದೇನೆ! ಒಂದನ್ನು ಇನ್ನೊಂದು ಕಚ್ಚುತ್ತಿದೆ ಅಂತ ಹೊಳೆದೇ ಇರಲಿಲ್ಲ. ನಾನು ಅಂಗಿ ಬಿಚ್ಚಿ ಕೂಸು ಕಟ್ಟಿಕೊಂಡು ಕೂತ ಮೊದಲ ದಿನವೇ ಬಾಣಂತಿಯೊಬ್ಬಳ ಮಾವ ಬಾಗಿಲಲ್ಲಿ ನಿಂತು "ನಮ್ಮ ಹೆಣಮಕ್ಕಳು ಕೂಸಿಗೆ ಹಾಲು ಕುಡಸೂ ಜಾಗಾದಾಗ ಈ ಗಂಡಸು ಯಾಕ ಕುಂತಾನ್ರಿ?" ಅಂತ ಜಗಳ ತೆಗೆದರು. ಅವರದೇನೂ ತಪ್ಪಿಲ್ಲ. ಆ ಹೆಣ್ಣುಮಕ್ಕಳು ಗೋಡೆಗೆ ಮುಖ ಮಾಡಿ ಹಾಲು ಕುಡಿಸುವುದನ್ನು ನೋಡಿ ನನಗೇ ನಾಚಿಕೆಯಾಗಿತ್ತು. ಕೊನೆಗೆ ಪೂನಮ್ ಸಿಸ್ಟರ್, ನಿನಗೆ ನೆನಪಿರಬೇಕು, ಎತ್ತರದ ಹುಡುಗಿ, ಒಂದು ದಾರಿ ಮಾಡಿದಳು. ಹಾಸಿಗೆ ಹೊದಿಕೆ ಇಡುವ ಸಣ್ಣ ಕೋಣೆಯಲ್ಲಿ ಒರಗುಕುರ್ಚಿ ಹಾಕಿಸಿ ನನ್ನನ್ನು ಅಲ್ಲಿ ಕೂರಿಸಿದಳು. ಆದರೆ ಅಲ್ಲಿಗೆ ಹೆಂಗಸರ ಕೋಣೆ ದಾಟಿಯೇ ಹೋಗಬೇಕು, ಹಾಗಾಗಿ ಕತ್ತಲಾದ ಮೇಲೆ ನಾನು ಹೊರಗೆ. ಇರುಳೆಲ್ಲ ನಿನ್ನ ಮೊಮ್ಮಗಳು ಯಂತ್ರದಲ್ಲಿ ಇನ್ನೊಂದು ಕೂಸಿನ ಬಾಜೂ ಮಲಗುತ್ತಾಳೆ. ಪುಣ್ಯಾತ್ಗಿತ್ತಿ ಬಾಣಂತಿಯೊಬ್ಬಳು ತನ್ನ ಕೂಸಿನ ಜೊತೆ ಇವಳನ್ನೂ ಆಗಾಗ ಎತ್ತಿಕೊಳ್ಳುತ್ತಾಳೆ, ಅವಳಿಗೂ ಎದೆ ಒಂದೇ. ದಿನಾ ಮುಂಜಾನೆ ನಾನು ಬಂದು ಪಾದ ಮುಟ್ಟಿ ನೋಡಿದರೆ ತಣ್ಣಗಿರುತ್ತದೆ. ತೂಕ ಇಳಿಯುತ್ತಿರುವುದು ಇದಕ್ಕೇ ಅಂತ ಡಾಕ್ಟರ್ ಹೇಳುತ್ತಾರೆ.

ಮೊದಲ ವಾರ ಶೋಭಾ ಇದ್ದಳು, ಆಗ ಇಷ್ಟು ಕಷ್ಟ ಇರಲಿಲ್ಲ. ತಂಗಿ ಅಂದರೆ ಅವಳೇ ಅನ್ನಬೇಕು. ಹುಕ್ಕೇರಿಯಿಂದ ಓಡಿ ಬಂದು ಹಗಲೂ ಇರುಳೂ ಎದೆಯಿಂದ ಇಳಿಸದೆ ಕೂತಿದ್ದಳು, ತೂಕ ಏರಲು ಹತ್ತಿತ್ತು. ಅಷ್ಟರಲ್ಲಿ ಅವಳ ಮಗನ ಮೈಮೇಲೆ ಗುಳ್ಳೆ ಎದ್ದವು. ಆ ಗುಳ್ಳೆಯ ಜಡ್ಡು ಈ ಕೂಸಿಗೆ ತಾಗಿದರೆ ಉಳಿಗಾಲ ಇಲ್ಲ ಅಂತ ಅವಳನ್ನು ಕಳಿಸಿಬಿಟ್ಟರು. ಹೋಗುವಾಗ ಬಾಗಿಲಲ್ಲಿ ನಿಂತು ಅತ್ತಳು. ನೀನು ನಿಡಸೋಸಿಗೆ ಹೋದ ಮೇಲೆ ಫೋನಿನಲ್ಲಿ, ನಿನ್ನ ಹತ್ತಿರ ಬಂದು ಹೇಳುತ್ತೇನೆ ಅಂದಳು, ಗುಳ್ಳೆಯ ಮನೆಯಿಂದ ಎಲ್ಲಿಗೂ ಹೋಗಬೇಡ ಅಂತ ನಾನೇ ತಡೆದೆ.

ಈಗ ನಿನ್ನ ವಿಷಯ. ಕೂಸಿಗೆ ಎರೆಯುವುದೆಂದರೆ ಮಸಗುಪ್ಪಿಯಲ್ಲಿ ಚನ್ನವ್ವನೇ ಆಗಬೇಕು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿ ಎಣ್ಣೆ ತೀಡಿ ನೀರು ಹಾಕಿದರೆ ಎಂಥ ರಚ್ಚೆಯ ಕೂಸೂ ಗಪ್ಪಾಗುತ್ತಿತ್ತು. ಊರ ಅರ್ಧ ಮಕ್ಕಳು ನಿನ್ನ ಕಾಲ ಮೇಲಿಂದ ಎದ್ದು ಹೋದವರೇ. ಶೋಭಾ ಹೋದ ಮೇಲೆ ಆ ದಿನ ನೀನು ಆಸ್ಪತ್ರೆಗೆ ಬಂದಾಗ ಪೂನಮ್ ಸಿಸ್ಟರ್ "ಆಯಿ, ಕುಪ್ಪಸದ ಗಂಟು ಬಿಚ್ರಿ, ಕೂಸಿನ್ನ ಎದಿ ಮ್ಯಾಲೆ ಇಡ್ತೇನಿ" ಅಂದಳು. ನೀನು ಗಂಟಿಗೆ ಕೈ ಹಾಕಿ ನಿಂತೆ. ಅರ್ಧ ಬಿಚ್ಚಿದ ಗಂಟನ್ನು ಮತ್ತೆ ಬಿಗಿದೆ, ಅದನ್ನು ನಾನು ನೋಡಿದೆ. ಆಮೇಲೆ ಒಮ್ಮೆಲೇ "ಎಣ್ಣಿ ಇಲ್ಲ, ನೀರಿಲ್ಲ, ಹೊರಸಿನ ಕೆಳಗ ಕೆಂಡ ಇಲ್ಲ, ಇದೆಂಥಾ ಬಾಣಂತನ? ಗಂಡಸು ಕೂಸು ಕಟ್ಕೊಂಡು ಕುಂದ್ರೂದಂತ, ಮುದುಕಿ ಕುಪ್ಪಸ ಬಿಚ್ಚೂದಂತ!" ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿ ಹೊರಟೆ. ನನಗೆ ಮೈಯೆಲ್ಲ ಉರಿಯಿತು. ಖರೆ ಹೇಳುತ್ತೇನೆ, ಹೋದರೆ ಹೋಗಲಿ ಅಂದುಕೊಂಡೆ. ಹಳ್ಳಿಹಳ್ಳಿ ತಿರುಗಿ ಇಂಥ ಅಜ್ಜಿಯರನ್ನು ಎಷ್ಟು ಕಂಡಿಲ್ಲ ನಾನು? 'ಹಿರಿಯರ ಸಂಪ್ರದಾಯ ಅಡ್ಡಿ' ಅಂತ ಬರೆದು ಮುಂದಿನ ಮನೆಗೆ ಹೋಗುತ್ತಿದ್ದೆ. ನಿನ್ನನ್ನೂ ಮನಸ್ಸಿನಲ್ಲಿ ಹಾಗೆಯೇ ಬರೆದುಬಿಟ್ಟೆ.

ನಿನ್ನೆ ಶಿವಗಂಗವ್ವ ಅತ್ತೆ ಬಂದಿದ್ದರು. ಅಪ್ಪನ ಅಕ್ಕ ಅಂದರೆ ನಿನಗೆ ಅಷ್ಟಕ್ಕಷ್ಟೇ, ಗೊತ್ತು. ಆದರೂ ಈ ವಯಸ್ಸಿನಲ್ಲಿ ಬಸ್ ಹತ್ತಿ ಕೂಸು ನೋಡಲು ಬಂದಿದ್ದರು. ನಾನು ನಿನ್ನ ಮೇಲಿನ ಸಿಟ್ಟನ್ನೆಲ್ಲ ಅವರ ಮುಂದೆ ಸುರಿದೆ. ಅವರು ಎಲ್ಲ ಕೇಳಿ "ನಿಮ್ಮವ್ವ ಸಿಟ್ಟಿಗೆ ಹೋಗಿಲ್ಲೋ ತಮ್ಮಾ, ಅಂಜಿ ಹೋಗ್ಯಾಳ" ಅಂದರು. ಆಮೇಲೆ ಹೇಳಿದರು. ನನಗಿಂತ ಮೊದಲು ನಿನಗೆ ಒಂದು ಹೆಣ್ಣು ಕೂಸು ಆಗಿತ್ತಂತೆ, ನಿನ್ನ ತವರಿನಲ್ಲಿ, ಅಂಕಲಗಿಯಲ್ಲಿ. ಎಂಟು ತಿಂಗಳಿಗೆ ಹುಟ್ಟಿದ್ದು, ಇದೇ ಮಾಗಿಯ ಚಳಿಯಲ್ಲಿ. ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಅಂತ ಎಲ್ಲರೂ ಆಸೆ ಬಿಟ್ಟಿದ್ದರಂತೆ. ನೀನೊಬ್ಬಳೇ ಬಿಡದೆ ಅದನ್ನು ಹೊರಸಿನ ಮಂಚದಿಂದ ಎತ್ತಿ ಸೆರಗಿನೊಳಗೆ ಎದೆಗೆ ಹಾಕಿಕೊಂಡು ದಿನಗಟ್ಟಲೆ ಕೂತಿದ್ದಿಯಂತೆ. ಒಂದು ದಿನ ನಿದ್ದೆ ತಡೆಯದೆ ಹಾಗೆಯೇ ಮಲಗಿದಿಯಂತೆ. ಬೆಳಗಾಗುವಷ್ಟರಲ್ಲಿ ಕೂಸು ತಣ್ಣಗಾಗಿತ್ತು. ಸುದ್ದಿ ಕೇಳಿ ಬಂದ ಆಯಿ, ಅಪ್ಪನ ತಾಯಿ, ಎಲ್ಲರ ಮುಂದೆ "ತಾಯಿನ ಮಗ್ಗಲಾಗ ಹಾಕ್ಕೊಂಡು ಕೊಂದ್ಲು" ಅಂದಳಂತೆ. ಅಪ್ಪ ಅಲ್ಲೇ ನಿಂತಿದ್ದನಂತೆ, ಒಂದು ಮಾತೂ ಆಡಲಿಲ್ಲವಂತೆ. ಆಮೇಲೆ ನನ್ನನ್ನಾಗಲಿ ಶೋಭಾಳನ್ನಾಗಲಿ ನೀನು ಒಂದು ದಿನವೂ ಎದೆಯ ಮೇಲೆ ಹಾಕಿಕೊಂಡು ಮಲಗಿಸಲಿಲ್ಲವಂತೆ, ಹಾಲು ಕುಡಿಸಿ ಕಾಲ ಮೇಲೆ ಹಾಕಿಕೊಂಡು ಕೂತೇ ತೂಗುತ್ತಿದ್ದಿಯಂತೆ.

ಅವ್ವಾ, ನಾನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಈ ಮಾತು ನನಗೆ ಅತ್ತೆಯ ಬಾಯಿಂದ ಕೇಳುವ ಪ್ರಸಂಗ ಬಂತಲ್ಲ. ಎಷ್ಟು ಮನೆಯಲ್ಲಿ ಕೂತು ಯಾಕೆ ಎದೆಗೆ ಹಾಕಿಕೊಳ್ಳುವುದಿಲ್ಲ ಅಂತ ಕೇಳಿದ್ದೇನೆ, ಕೆಲಸ ಇದೆ, ಮಡಿ ಇದೆ, ಸೆಕೆ ಆಗುತ್ತದೆ, ನಾಚಿಕೆ ಆಗುತ್ತದೆ ಅಂತ ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದಿದ್ದೇನೆ. ಅವರಲ್ಲಿ ಎಷ್ಟು ಜನ ನಿನ್ನ ಹಾಗೆ ಅಂಜಿ ಬೇರೆ ಏನೋ ಹೇಳಿದರೋ ಯಾರಿಗೆ ಗೊತ್ತು. ನಿನ್ನೆ ಸಂಜೆ ಡಾಕ್ಟರನ್ನು ಕೇಳಿದೆ. ಯಾರ ಕಥೆ ಅಂತ ಹೇಳಲಿಲ್ಲ, ಬಹಳ ಹಿಂದೆ ಒಬ್ಬ ತಾಯಿಗೆ ಹೀಗಾಯಿತು ಅಂದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಅಷ್ಟ ಸಣ್ಣ ಕೂಸು ಆ ಚಳಿಯಾಗ ಅಷ್ಟು ದಿನ ಬದುಕಿದ್ದು ಆಕಿ ಮೈಬಿಸಿಯಿಂದನ ಇರಬೇಕು. ಯಾಕ ಹೋತು ಅಂತ ಈಗ ಯಾರಿಗೂ ಹೇಳಾಕ ಬರಂಗಿಲ್ಲ." ಇಷ್ಟೇ. ಕೂಸು ಹೋದದ್ದು ನಿನ್ನಿಂದ ಅಲ್ಲವೇ ಅಲ್ಲ ಅಂತ ಅವರು ಖಾತ್ರಿ ಕೊಡಲಿಲ್ಲ. ನಿನ್ನನ್ನು ಕರೆಸಿಕೊಳ್ಳುವ ಆಸೆಗೆ ನಾನು ಸುಳ್ಳು ಸೇರಿಸುವುದಿಲ್ಲ.

ಆದರೆ ಇಲ್ಲಿ ಮಾಡುವ ರೀತಿ ಬೇರೆ ಇದೆ, ಅದನ್ನಷ್ಟು ತಿಳಿಸುತ್ತೇನೆ. ಇಲ್ಲಿ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗುವುದಿಲ್ಲ. ಕುರ್ಚಿಯಲ್ಲಿ ಒರಗಿ ಕೂತಿರುತ್ತಾರೆ, ಕೂಸು ನೆಟ್ಟಗೆ ಎದೆಯ ನಡುವೆ ಇರುತ್ತದೆ, ಕಪ್ಪೆ ಕೂತ ಹಾಗೆ ಕಾಲು ಮಡಚಿಕೊಂಡು. ಮುಖ ಒಂದು ಕಡೆ ಹೊರಳಿಸಿ, ಮೂಗು ಬಾಯಿ ಕಾಣುವ ಹಾಗೆ ಬಟ್ಟೆ ಕಟ್ಟುತ್ತಾರೆ. ಅದು ಜಾರುವುದಿಲ್ಲ, ನಾವು ಅದರ ಮೇಲೆ ಹೊರಳಲಿಕ್ಕೂ ಆಗುವುದಿಲ್ಲ. ಪೂನಮ್ ಸಿಸ್ಟರ್ ಮತ್ತೆ ಮತ್ತೆ ಬಂದು ಬಣ್ಣ ನೋಡಿ ಹೋಗುತ್ತಾಳೆ. ಇಷ್ಟನ್ನು ನಾನು ಬೇರೆ ಮನೆಗಳಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದೆ, ನಿನಗೆ ಮಾತ್ರ ಒಂದು ದಿನವೂ ಕೂತು ಹೇಳಿರಲಿಲ್ಲ. ಈಗ ಅವಳು ನನ್ನ ಎದೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾಳೆ. ಇಷ್ಟು ಸಣ್ಣ ಮೂಗಿನಿಂದ ಅಷ್ಟು ಸಪ್ಪಳ ಹೇಗೆ ಬರುತ್ತದೋ! ನೇತ್ರಾ ಕೇಳಿದ್ದರೆ ಇದು ನಿಮ್ಮ ಮನೆತನದ್ದೇ ಅನ್ನುತ್ತಿದ್ದಳು.

ಹೆಚ್ಚು ಬರೆಯಲು ಆಗುತ್ತಿಲ್ಲ, ಕೈ ಜೋಮು ಹಿಡಿದಿದೆ. ಯಾಕೋ ತಲೆಯೂ ಭಾರ ಇದೆ. ದೊಡ್ಡವ್ವನಿಗೂ ಮನೆಯ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಸಂಕ್ರಾಂತಿ ಹತ್ತಿರ ಬಂತು, ದೊಡ್ಡವ್ವ ಸಜ್ಜೆ ರೊಟ್ಟಿ ಬಡಿಯುತ್ತಿರಬೇಕು. ನನ್ನ ಪಾಲಿನದನ್ನೂ ನೀನೇ ತಿನ್ನು. ಸಿಟ್ಟಿದ್ದರೆ ಇರಲಿ, ಆಶೀರ್ವಾದಕ್ಕೆ ಮಾತ್ರ ಕೈ ಹಿಂದೆ ತೆಗೆಯಬೇಡ, ಮೂರು ಜನಕ್ಕೂ ಬೇಕಾಗಿದೆ.

ನಿನ್ನ ಮಗ,
ಶ್ರೀಶೈಲ

ತಾಜಾ ಕಲಂ: ಅವ್ವಾ, ಮೇಲಿನದೆಲ್ಲ ಮುಂಜಾನೆ ಬರೆದದ್ದು. ಈಗ ಮಧ್ಯಾಹ್ನ. ಇಷ್ಟುದ್ದ ಬರೆದು ಬಾ ಅನ್ನುವ ಒಂದು ಮಾತನ್ನೇ ಬರೆದಿಲ್ಲ, ಬರೆಯಲು ಕೈ ಬರಲಿಲ್ಲ. ಕೂಸು ಇವತ್ತು ಎಂದಿಗಿಂತ ಚಲೋ ಬೆಚ್ಚಗಾಗಿದೆ ಅಂತ ನಾನು ಖುಷಿಪಡುತ್ತ ಕೂತಿದ್ದೆ. ಪೂನಮ್ ಸಿಸ್ಟರ್ ಮುಟ್ಟಿ ನೋಡಿ ನನ್ನ ಹಣೆಗೆ ಕೈ ಇಟ್ಟಳು. ಆ ಬಿಸಿ ನನ್ನದು. ನನಗೆ ಜ್ವರ ಬಂದಿದೆ. ಕೂಡಲೇ ಕೂಸನ್ನು ಬಿಚ್ಚಿಕೊಂಡು ಹೋದರು, ಜ್ವರ ಬಿಡುವವರೆಗೆ ಹತ್ತಿರ ಬರಬಾರದು ಅಂದಿದ್ದಾರೆ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ಒಳಗೆ ಯಂತ್ರದಲ್ಲಿ ಮೂರನೆಯವಳಾಗಿ ಮಲಗಿದ್ದಾಳೆ. ಆಗಲೇ ಒಂದು ಸಲ ಉಸಿರು ಮರೆತಳಂತೆ.

ಈ ಕಾಗದ ತಂದ ಯಲ್ಲೇಶ ನಮ್ಮ ಆಫೀಸಿನ ಗಾಡಿಯವನು, ನಂಬಿಗಸ್ತ. ನೀನು ಓದಿ ಮುಗಿಸುವ ತನಕ ಬಾಗಿಲಲ್ಲಿ ನಿಂತಿರು ಅಂತ ಹೇಳಿ ಕಳಿಸಿದ್ದೇನೆ. ಎಣ್ಣೆ ತರಬೇಡ, ಕೆಂಡ ಬೇಡ. ಮೈ ತೊಳೆದುಕೊಂಡು, ಮುಂದೆ ಗಂಟು ಕಟ್ಟುವ ನಿನ್ನ ಖಣದ ಕುಪ್ಪಸ ತೊಟ್ಟುಕೊಂಡು ಗಾಡಿ ಹತ್ತು. ನೀನು ನಿದ್ದೆ ಮಾಡುವಾಗ ಪೂನಮ್ ಎಚ್ಚರ ಇರುತ್ತಾಳೆ, ಅವಳು ಹೋದರೆ ಇನ್ನೊಬ್ಬ ಸಿಸ್ಟರ್ ಇರುತ್ತಾಳೆ, ನಾನು ಬಾಗಿಲ ಹೊರಗೆ ಇರುತ್ತೇನೆ. ಅಷ್ಟಾದರೂ ಕೂಸು ನಿನ್ನ ಎದೆಯ ಮೇಲೆಯೇ ಹೋದರೆ, ಅವ್ವಾ, ನಾನು ನಿನ್ನನ್ನು ಆಯಿ ಅಂದ ಹಾಗೆ ಅನ್ನುವುದಿಲ್ಲ, ಅನ್ನುವವರ ಮುಂದೆ ಅಪ್ಪನ ಹಾಗೆ ಸುಮ್ಮನೆ ನಿಲ್ಲುವುದೂ ಇಲ್ಲ. ಆದರೆ ಯಾರ ಎದೆಯ ಮೇಲೂ ಇಲ್ಲದೆ ಅವಳು ಹೋಗಬಾರದು. ಬಾ.